ಸೂತಕವೂ ಶುಚಿಯೂ: ಬಾಣಂತಿಕೋಣೆಯ ಇತಿಹಾಸದಿಂದ ಕಲಿಯಬೇಕಾದ ಪಾಠ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ನಾಣ್ಣುಡಿಯು ಕನ್ನಡನಾಡಿನ ಮನೆಮನೆಗಳಲ್ಲಿಯೂ ಬಹುಕಾಲದಿಂದ ಕೇಳಿಬಂದಿದೆ. ಈ ಮಾತು ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಒಂಬತ್ತು ತಿಂಗಳು ಹೊತ್ತು, ಒಂದು ರಾತ್ರಿಯಲ್ಲಿ ಹೆತ್ತು, ಹತ್ತು ದಿನಗಳೊಳಗಾಗಿ ಜ್ವರದಿಂದಲೋ ರಕ್ತಸ್ರಾವದಿಂದಲೋ ಕಣ್ಮುಚ್ಚಿದ ತಾಯಿಯ ನೆನಪಿಲ್ಲದ ಮನೆತನವು ಹಿಂದಿನ ತಲೆಮಾರುಗಳಲ್ಲಿ ವಿರಳವಾಗಿದ್ದಿತು. ಆದುದರಿಂದಲೇ ಲೋಕದ ಸಕಲ ಜನಾಂಗಗಳೂ ಹೆರಿಗೆಯ ಸುತ್ತಲೂ ವಿಧಿನಿಷೇಧಗಳ ಬೇಲಿಯನ್ನು ಕಟ್ಟಿಕೊಂಡವು. ಆ ಬೇಲಿಯ ಕೆಲವು ಮುಳ್ಳುಗಳು ತಾಯಿಮಕ್ಕಳನ್ನು ಕಾಯ್ದವು. ಕೆಲವು ಅವರನ್ನೇ ಇರಿದವು. ಯಾವುದು ಕಾಯ್ದಿತು, ಯಾವುದು ಇರಿಯಿತು ಎಂಬುದನ್ನು ಮನುಷ್ಯನು ಹೇಗೆ ಅರಿತುಕೊಂಡನೆಂಬುದು ವಿಚಾರವಂತರಾದ ಸದ್ಭಕ್ತರೆಲ್ಲರೂ ತಿಳಿಯತಕ್ಕ ಇತಿಹಾಸವಾಗಿದೆ.

ಭರತಖಂಡದ ಪ್ರಾಚೀನ ವೈದ್ಯಗ್ರಂಥಗಳಿಂದಲೇ ಈ ವಿಚಾರವನ್ನು ಆರಂಭಿಸುವುದು ಯುಕ್ತವು. ಒಂಬತ್ತನೆಯ ತಿಂಗಳು ತುಂಬುವುದಕ್ಕೆ ಮುಂಚೆಯೇ ಒಳ್ಳೆಯ ಸ್ಥಳದಲ್ಲಿ, ಬೇಕಾದ ಸಾಮಗ್ರಿಗಳೆಲ್ಲವನ್ನೂ ಕೂಡಿಸಿ, ಸೂತಿಕಾಗಾರವನ್ನು ಸಿದ್ಧಪಡಿಸಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು, ನಂಬಿಕೆಗೆ ಅರ್ಹರಾದ, ವಯಸ್ಸಿನಲ್ಲಿ ಬಲಿತ, ಹೆರಿಗೆ ಮಾಡಿಸುವುದರಲ್ಲಿ ನಿಪುಣರಾದ ನಾಲ್ವರು ಸ್ತ್ರೀಯರು ಗರ್ಭಿಣಿಯ ಬಳಿಯಲ್ಲಿರಬೇಕೆಂದೂ ಅವರು ಉಗುರುಗಳನ್ನು ಕತ್ತರಿಸಿಕೊಂಡಿರಬೇಕೆಂದೂ ಹೇಳುತ್ತದೆ. ಉಗುರಿನ ಸಂದಿನಲ್ಲಿ ಅಡಗುವ ಕೇಡನ್ನು ಕಣ್ಣಿಗೆ ಕಾಣಿಸುವ ಯಂತ್ರವು ಹುಟ್ಟುವುದಕ್ಕೆ ಬಹುಶತಮಾನಗಳ ಹಿಂದೆಯೇ ಬರೆದಿಟ್ಟ ಈ ಮಾತು ಆಶ್ಚರ್ಯಕರವಾದುದು. ಆದರೆ ಅದೇ ಅಧ್ಯಾಯವು, ತಾಯಿಯ ಎದೆಯಲ್ಲಿ ಮೂರು ನಾಲ್ಕು ರಾತ್ರಿಗಳಾದ ಮೇಲೆಯೇ ಹಾಲು ಪ್ರವರ್ತಿಸುವುದೆಂದೂ ಅಲ್ಲಿಯವರೆಗೆ ಶಿಶುವಿಗೆ ಜೇನುತುಪ್ಪಗಳನ್ನು ನೆಕ್ಕಿಸಬೇಕೆಂದೂ ಹೇಳುತ್ತದೆ. ಉಗುರಿನ ಮಾತನ್ನು ಕಾಲವು ಎತ್ತಿಹಿಡಿಯಿತು. ಜೇನಿನ ಮಾತನ್ನು ಕಾಲವು ಕೈಬಿಟ್ಟಿತು. ಒಂದೇ ಗ್ರಂಥದ ಒಂದೇ ಅಧ್ಯಾಯದಲ್ಲಿ ಸತ್ಯವೂ ಪ್ರಮಾದವೂ ಹೀಗೆ ಅಕ್ಕಪಕ್ಕದಲ್ಲಿ ಕುಳಿತಿರುವಾಗ, ಗ್ರಂಥದ ಹೆಸರೊಂದನ್ನೇ ಪ್ರಮಾಣವಾಗಿ ಹಿಡಿಯುವುದು ಸಾಲದೆಂಬುದು ಸ್ವತಃಸಿದ್ಧ.

ಮುಂದಿನ ಕಾಲದ ರೂಢಿಯು ಚರಕನ ಸೂತಿಕಾಗಾರವನ್ನು ಮರೆತಿತು. ಸೂತಕವನ್ನು ಮಾತ್ರ ಮರೆಯಲಿಲ್ಲ. ಹೆರಿಗೆಯು ಮೈಲಿಗೆಯೆಂಬ ಭಾವನೆಯು ಬಲವಾದಂತೆ, ಮನೆಯೊಳಗಿನ ಅತ್ಯಂತ ಕತ್ತಲೆಯ ಕೋಣೆಯು, ಕೆಲವೆಡೆ ಮನೆಯ ಹೊರಗಣ ಗುಡಿಸಲು, ಬಾಣಂತಿಯ ಪಾಲಿಗೆ ಬಂದಿತು. ಅವಳು ಮುಟ್ಟಿದ ವಸ್ತುಗಳೆಲ್ಲವೂ ಕಡೆಗೆ ಎಸೆಯತಕ್ಕವುಗಳೇ ಆದುದರಿಂದ, ಹಳೆಯ ಚಾಪೆ, ಹರಕು ಕಂಬಳಿ, ಒಗೆಯದ ಚಿಂದಿಬಟ್ಟೆಗಳನ್ನೇ ಅವಳಿಗಾಗಿ ತೆಗೆದಿಡುವುದು ವಾಡಿಕೆಯಾಯಿತು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಕೊಯ್ದು, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುವ ರೂಢಿಯೂ ದೇಶದ ಹಲವು ಭಾಗಗಳಲ್ಲಿ ಇದ್ದಿತು. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವಾಸಿಸುವ ಧನುರ್ವಾಯುವಿನ ಜೀವಾಣುವಿಗೆ ಇದಕ್ಕಿಂತ ಸುಗಮವಾದ ದಾರಿಯನ್ನು ಯಾರೂ ತೆರೆದುಕೊಡಲಾರರು. ಮೊದಲ ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು, ಆಮೇಲೆ ದವಡೆ ಕಚ್ಚಿಕೊಂಡು ಮೈ ಸೆಟೆಸಿ ತೀರಿಹೋದರೆ, ಮನೆಯವರು ಅದನ್ನು ಗಾಳಿಯೆಂದೂ ಗ್ರಹಚಾರವೆಂದೂ ತಿಳಿದು ಅತ್ತು ಸುಮ್ಮನಾಗುತ್ತಿದ್ದರು. ಶುದ್ಧಿಯ ಹೆಸರಿನಲ್ಲಿ ತಾಯಿಯನ್ನು ದೂರವಿಟ್ಟ ಭಾವನೆಯೇ ಕೊಳೆಯನ್ನು ಅವಳ ಹಾಸಿಗೆಗೆ ತಂದುಹಾಕಿತು. ಸೂತಕವು ಶುಚಿಯ ಶತ್ರುವಾದ ಬಗೆಯು ಇದು.

ಹಾಲಿನ ವಿಷಯದಲ್ಲಿಯೂ ಇಂಥದೇ ವಿಪರೀತವು ನಡೆಯಿತು. ಮನೆಯ ಹಸು ಈದರೆ ಕನ್ನಡಿಗರು ಗಿಣ್ಣುಹಾಲನ್ನು ಜೋಪಾನವಾಗಿ ಕರೆದು, ಬೆಲ್ಲ ಏಲಕ್ಕಿ ಹಾಕಿ ಕಾಸಿ, ನೆರೆಹೊರೆಗೂ ಹಂಚುತ್ತಾರೆ. ಕರುವಿಗೆ ಅದು ಬೇಕೆಂಬುದನ್ನೂ ಬಲ್ಲರು. ಅದೇ ಮನೆಯಲ್ಲಿ ಸೊಸೆ ಹೆತ್ತರೆ, ಅವಳೆದೆಯ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಬೆಲ್ಲದ ನೀರನ್ನೋ ಜೇನನ್ನೋ ಅದ್ದಿದ ಬತ್ತಿಯನ್ನು ಚೀಪಿಸುವುದು ಅನೇಕ ಕಡೆಗಳಲ್ಲಿ ನಡೆದುಬಂದಿತು. ಕರುವಿಗೆ ದೊರೆತ ನ್ಯಾಯವು ಕೂಸಿಗೆ ದೊರೆಯಲಿಲ್ಲ.

ಈ ದೋಷಗಳು ಭಾರತೀಯರವು ಮಾತ್ರವೆಂದು ಭಾವಿಸುವುದು ಇತಿಹಾಸಕ್ಕೆ ಅಪಚಾರವಾಗುತ್ತದೆ. ಯುರೋಪಿನಲ್ಲಿಯೂ ಮೊದಲ ಹಾಲನ್ನು ಹೊಲಸೆಂದು ತಿಳಿದು, ಹುಟ್ಟಿದ ಕೂಸಿಗೆ ಬೆಣ್ಣೆ, ಸಕ್ಕರೆ, ಭೇದಿಯ ಔಷಧಗಳನ್ನು ತಿನ್ನಿಸುತ್ತಿದ್ದರು. ೧೭೪೮ರಲ್ಲಿ ವಿಲಿಯಂ ಕ್ಯಾಡೋಗನ್ ಎಂಬ ಆಂಗ್ಲ ವೈದ್ಯನು, ಲಂಡನ್ನಿನ ಅನಾಥ ಶಿಶುಗಳ ಆಶ್ರಮದ ಆಡಳಿತಗಾರರಿಗೆ ಬರೆದ ಪ್ರಬಂಧದಲ್ಲಿ, ಮೊದಲ ಹಾಲು ಕೂಸಿನ ಹೊಟ್ಟೆಯನ್ನು ತಾನೇ ತೊಳೆಯುವುದೆಂದೂ ಅದನ್ನು ತಪ್ಪಿಸಿದರೆ ಕೂಸಿಗೆ ನಿಶ್ಚಯವಾಗಿ ಹಾನಿಯೆಂದೂ ಸಾರಿದನು. ಅಷ್ಟೇ ಅಲ್ಲದೆ, ಸೂತಿಕಾಜ್ವರವೆಂಬ ಘೋರವ್ಯಾಧಿಯು ಯುರೋಪಿನ ಹೆಸರಾಂತ ಆಸ್ಪತ್ರೆಗಳಲ್ಲಿಯೇ ಬಾಣಂತಿಯರನ್ನು ಗುಂಪುಗುಂಪಾಗಿ ನುಂಗುತ್ತಿದ್ದಿತು. ಅದರ ಮೂಲವನ್ನು ಕಂಡುಹಿಡಿದ ಕಥೆಯು ಈ ಇತಿಹಾಸದ ಹೃದಯಭಾಗವಾಗಿದೆ.

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ೧೮೪೬ರಲ್ಲಿ ವೈದ್ಯರ ವಿಭಾಗದಲ್ಲಿ ಹೆತ್ತ ೪,೦೧೦ ಸ್ತ್ರೀಯರಲ್ಲಿ ೪೫೯ ಮಂದಿ ಮೃತಪಟ್ಟರು. ಸೂಲಗಿತ್ತಿಯರ ವಿಭಾಗದಲ್ಲಿ ೩,೭೫೪ ಮಂದಿಯಲ್ಲಿ ಸತ್ತವರು ೧೦೫ ಮಾತ್ರ. ಬಡಹೆಂಗಸರಿಗೆ ಈ ಭೇದವು ಚೆನ್ನಾಗಿ ತಿಳಿದಿದ್ದಿತು. ಮೊದಲನೆಯ ವಿಭಾಗಕ್ಕೆ ಕಳುಹಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದವರಿಗೂ ಈ ಜ್ವರವು ಅಷ್ಟಾಗಿ ಬರುತ್ತಿರಲಿಲ್ಲ.

ಅದೇ ವರ್ಷ ಆ ವಿಭಾಗದಲ್ಲಿ ಸಹಾಯಕನಾಗಿ ಸೇರಿದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ತರುಣ ವೈದ್ಯನು ಜನರು ಹೇಳುತ್ತಿದ್ದ ಒಂದೊಂದು ಕಾರಣವನ್ನೂ ಹಿಡಿದು ಪರೀಕ್ಷಿಸಿದನು. ಮರಣಶಯ್ಯೆಯಲ್ಲಿರುವವರ ಬಳಿಗೆ ಪಾದ್ರಿಯು ಗಂಟೆ ಬಾರಿಸುತ್ತ ಹೋಗುವುದರಿಂದ ಬಾಣಂತಿಯರು ಹೆದರಿ ಸಾಯುವರೆಂದು ಕೆಲವರು ಹೇಳಿದರು. ಗಂಟೆಯಿಲ್ಲದೆ ಬೇರೆ ದಾರಿಯಿಂದ ಹೋಗುವಂತೆ ಪಾದ್ರಿಯನ್ನು ಒಪ್ಪಿಸಲಾಯಿತು, ಸಾವು ಕಡಿಮೆಯಾಗಲಿಲ್ಲ. ಹೆರಿಗೆಯಲ್ಲಿ ಮಲಗುವ ಭಂಗಿಯನ್ನು ಬದಲಿಸಿದರು, ಸಾವು ಕಡಿಮೆಯಾಗಲಿಲ್ಲ. ೧೮೪೭ರ ಮಾರ್ಚ್ ತಿಂಗಳಲ್ಲಿ ಅವನ ಮಿತ್ರನೂ ಪ್ರಾಧ್ಯಾಪಕನೂ ಆದ ಕೊಲೆಚ್ಕಾ ಎಂಬವನು, ಹೆಣವನ್ನು ಕೊಯ್ಯುವಾಗ ಬೆರಳಿಗೆ ಚಾಕು ತಗುಲಿ, ಬಾಣಂತಿಯರ ಜ್ವರದಂಥ ಜ್ವರದಿಂದಲೇ ತೀರಿಕೊಂಡನು. ಆಗ ಸತ್ಯವು ಹೊಳೆಯಿತು. ಬೆಳಗ್ಗೆ ಹೆಣಗಳನ್ನು ಕೊಯ್ದ ವೈದ್ಯರು ಅದೇ ಕೈಗಳಿಂದ ಹೆರುವ ಹೆಂಗಸರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರು ಹೆಣಗಳನ್ನು ಮುಟ್ಟುತ್ತಿರಲಿಲ್ಲ. ಆ ವರ್ಷದ ಮೇ ತಿಂಗಳಿಂದ ಕ್ಲೋರಿನ್ ಸೇರಿಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಬಾಣಂತಿಯನ್ನು ಮುಟ್ಟಬಾರದೆಂದು ಅವನು ಕಟ್ಟುಮಾಡಿದನು. ೧೮೪೮ರಲ್ಲಿ ವೈದ್ಯರ ವಿಭಾಗದ ೩,೫೫೬ ಹೆರಿಗೆಗಳಲ್ಲಿ ಸತ್ತವರು ೪೫ ಮಂದಿ. ಎರಡು ವಿಭಾಗಗಳ ಲೆಕ್ಕವೂ ನೂರಕ್ಕೆ ೧.೩ರಷ್ಟಾಗಿ ಸರಿಸಮವಾಯಿತು.

ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಲೋಕವು ತಲೆಬಾಗಿ ಸ್ವೀಕರಿಸಿತೆಂದು ಭಾವಿಸಿದರೆ ಅದು ತಪ್ಪು. ತಮ್ಮ ಕೈಯೇ ಕೊಂದಿತೆಂಬ ಮಾತನ್ನು ಸಹಿಸಲು ಹಿರಿಯ ವೈದ್ಯರಿಗೆ ಸಾಧ್ಯವಾಗಲಿಲ್ಲ. ಸೆಮ್ಮೆಲ್‌ವೈಸನು ೧೮೬೫ರಲ್ಲಿ, ತನ್ನ ೪೭ನೆಯ ವಯಸ್ಸಿನಲ್ಲಿ, ಹುಚ್ಚರ ಆಸ್ಪತ್ರೆಯೊಂದರಲ್ಲಿ ಅಸುನೀಗಿದನು. ಅವನಿಗಿಂತ ಅರ್ಧ ಶತಮಾನ ಮೊದಲು, ೧೭೯೫ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯನು, ಈ ಜ್ವರವನ್ನು ಸೂಲಗಿತ್ತಿಯರೂ ವೈದ್ಯರೂ ಹೊತ್ತೊಯ್ಯುವರೆಂದೂ ತಾನೇ ಅನೇಕ ಹೆಂಗಸರಿಗೆ ಅದನ್ನು ಹೊತ್ತೊಯ್ದೆನೆಂದೂ ಅಚ್ಚಿನಲ್ಲಿ ಒಪ್ಪಿಕೊಂಡಿದ್ದನು. ಅವನೂ ಊರಿನ ಕೋಪಕ್ಕೆ ಗುರಿಯಾಗಿ ಹೊರಟುಹೋಗಬೇಕಾಯಿತು. ತನ್ನ ಕೈಯ ದೋಷವನ್ನು ತಾನೇ ಬರೆದಿಟ್ಟ ಆ ವೈದ್ಯನ ಧೈರ್ಯವು ಯಾವ ತಪಸ್ಸಿಗೂ ಕಡಿಮೆಯಾದುದಲ್ಲ.

ವಿಯೆನ್ನಾದ ಲೆಕ್ಕವು ಹೇಳಿದ ಸತ್ಯವು ಒಂದೇ: ಮೈಲಿಗೆ ಇದ್ದುದು ಹೆತ್ತ ತಾಯಿಯಲ್ಲಲ್ಲ, ಅವಳನ್ನು ಮುಟ್ಟುವ ಕೈಯಲ್ಲಿ. ಇಲ್ಲಿ ಕಲ್ಯಾಣದ ಶರಣರ ನೆನಪು ತಾನಾಗಿ ಬರುತ್ತದೆ. ೧೨ನೆಯ ಶತಮಾನದಲ್ಲಿ ಅವರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಹೆತ್ತ ಮನೆಗೆ ಜಂಗಮರು ಬಂದು ಶಿಶುವಿಗೆ ವಿಭೂತಿಯನ್ನಿಟ್ಟು ಲಿಂಗವನ್ನು ಕಟ್ಟುವ ಆಚಾರವು, ಆ ಕೋಣೆಯು ಅಪವಿತ್ರವಲ್ಲವೆಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ. ಶರಣರಿಗೆ ರೋಗಾಣುಗಳ ಶಾಸ್ತ್ರವು ತಿಳಿದಿತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಅವರ ನಿರಾಕರಣೆಯು ಧರ್ಮದೃಷ್ಟಿಯಿಂದ ಆದುದು, ವೈದ್ಯದೃಷ್ಟಿಯಿಂದಲ್ಲ. ಆದರೂ ಆ ತತ್ತ್ವವನ್ನು ಒಪ್ಪಿದ ಮನೆಯಲ್ಲಿ, ಬಾಣಂತಿಗೆ ಹರಕು ಬಟ್ಟೆಯನ್ನು ಕೊಡುವುದಕ್ಕೂ ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದಕ್ಕೂ ಯಾವ ಕಾರಣವೂ ಉಳಿಯುವುದಿಲ್ಲ. ಸೂತಕವನ್ನು ಬಾಯಿಂದ ಬಿಟ್ಟು ಅದರ ಚಾಪೆಯನ್ನು ಮಾತ್ರ ಉಳಿಸಿಕೊಂಡರೆ ತತ್ತ್ವವು ಅರ್ಧವೇ ನಡೆದಂತಾಯಿತು.

ವಿಯೆನ್ನಾದ ಪಾಠವನ್ನು ವೈದ್ಯರೂ ಪೂರ್ಣವಾಗಿ ಕಲಿಯಲಿಲ್ಲ. ಹಳೆಯ ರೂಢಿಗಳನ್ನು ತೊಡೆದ ೨೦ನೆಯ ಶತಮಾನದ ಆಸ್ಪತ್ರೆಯು ತನ್ನವೇ ಹೊಸ ರೂಢಿಗಳನ್ನು ಕಟ್ಟಿತು. ಹುಟ್ಟಿದ ಕೂಸನ್ನು ತಾಯಿಯಿಂದ ಅಗಲಿಸಿ ಬೇರೆ ಕೋಣೆಯಲ್ಲಿಡುವುದು, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಹಾಲೂಡಿಸುವುದು, ಎಲ್ಲ ಹೆಂಗಸರನ್ನೂ ಅಂಗಾತ ಮಲಗಿಸುವುದು ಇವೆಲ್ಲವೂ ಪರೀಕ್ಷೆಯಿಲ್ಲದೆ ನಿಯಮಗಳಾದವು. ದಿನತುಂಬದೆ ಹುಟ್ಟಿದ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕವನ್ನು ಕೊಡುವುದು ಹಿತವೆಂದು ೧೯೪೦ರ ದಶಕದಲ್ಲಿ ನಂಬಲಾಗಿತ್ತು. ೧೯೫೩-೫೪ರಲ್ಲಿ ಅಮೇರಿಕೆಯ ೧೮ ಆಸ್ಪತ್ರೆಗಳು ಕೂಡಿ ಪರೀಕ್ಷಿಸಿದಾಗ, ಆ ಅತಿಯೇ ಸಾವಿರಾರು ಕೂಸುಗಳ ಕಣ್ಣನ್ನು ಕಳೆದಿತ್ತೆಂದು ತಿಳಿಯಿತು. ಗರ್ಭಪಾತವನ್ನು ತಡೆಯುವುದೆಂದು ಕೊಡುತ್ತಿದ್ದ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಔಷಧದಿಂದ ಪ್ರಯೋಜನವಿಲ್ಲವೆಂದು ೧೯೫೩ರಲ್ಲಿಯೇ ಶಿಕಾಗೋ ನಗರದ ಪರೀಕ್ಷೆಯು ತೋರಿಸಿದರೂ ವೈದ್ಯರು ಅದನ್ನು ಬಿಡಲಿಲ್ಲ. ಅದನ್ನು ಸೇವಿಸಿದ ತಾಯಂದಿರ ಹೆಣ್ಣುಮಕ್ಕಳಿಗೆ ಯೌವನದಲ್ಲಿ ಅರ್ಬುದರೋಗವು ಕಾಣಿಸಿಕೊಂಡ ಸಂಗತಿಯು ೧೯೭೧ರಲ್ಲಿ ಬೆಳಕಿಗೆ ಬಂದ ಮೇಲೆಯೇ ಕಣ್ಣು ತೆರೆಯಿತು. ಅಜ್ಜಿಯ ಮಾತೆಂದು ನಂಬುವುದೂ ಡಾಕ್ಟರರ ಮಾತೆಂದು ನಂಬುವುದೂ, ಪರೀಕ್ಷೆಯಿಲ್ಲದಿದ್ದಲ್ಲಿ, ಒಂದೇ ತೂಕದವು.

ಇದನ್ನು ಕಂಡು ನೊಂದವರಲ್ಲಿ ಆರ್ಚಿಬಾಲ್ಡ್ ಕಾಕ್ರನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮುಖ್ಯನು. ವೈದ್ಯಶಾಸ್ತ್ರದ ಶಾಖೆಗಳಲ್ಲೆಲ್ಲ ಪ್ರಮಾಣವನ್ನು ಲಕ್ಷಿಸದಿರುವುದರಲ್ಲಿ ಪ್ರಸೂತಿಶಾಸ್ತ್ರವೇ ಕಡೆಯ ಸ್ಥಾನದಲ್ಲಿದೆಯೆಂದು ೧೯೭೯ರಲ್ಲಿ ಅವನು ನಿಷ್ಠುರವಾಗಿ ನುಡಿದನು. ಆಕ್ಸ್‌ಫರ್ಡಿನ ಇಯಾನ್ ಚಾಮರ್ಸ್ ಮೊದಲಾದವರು ಆ ನಿಂದೆಯನ್ನೇ ಕಾರ್ಯವಾಗಿ ಸ್ವೀಕರಿಸಿ, ಹೆರಿಗೆಗೆ ಸಂಬಂಧಿಸಿ ಲೋಕದಲ್ಲಿ ನಡೆದ ಪರೀಕ್ಷೆಗಳನ್ನು ಹುಡುಕಿ ಕಲೆಹಾಕಿ, ೧೯೮೯ರಲ್ಲಿ ಎರಡು ಬೃಹತ್ಸಂಪುಟಗಳಲ್ಲಿ ಪ್ರಕಟಿಸಿದರು. ಚೀಟಿ ಎತ್ತಿದಂತೆ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಉಪಚಾರವನ್ನೂ ಇನ್ನೊಂದಕ್ಕೆ ಹಿಂದಿನದನ್ನೂ ಕೊಟ್ಟು, ಫಲವನ್ನು ಪಕ್ಷಪಾತವಿಲ್ಲದೆ ಎಣಿಸುವುದು ಈ ಪರೀಕ್ಷೆಗಳ ಕ್ರಮ. ಸೆಮ್ಮೆಲ್‌ವೈಸನ ಕೈಗೆ ದೈವವಶದಿಂದ ದೊರೆತ ಎರಡು ವಿಭಾಗಗಳನ್ನು ಇವರು ಬುದ್ಧಿಪೂರ್ವಕವಾಗಿ ರಚಿಸಿಕೊಂಡರೆನ್ನಬಹುದು.

ಈ ಕಾರ್ಯದಲ್ಲಿ ಕನ್ನಡನಾಡಿನ ಒಂದು ಊರಿಗೆ ಲೋಕಮಾನ್ಯವಾದ ಸ್ಥಾನವು ದೊರೆತಿರುವುದು ಭಕ್ತಸಮೂಹಕ್ಕೆ ಸಂತೋಷದ ವಿಷಯ. ೧೯೧೬ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ೧೯೬೩ರಲ್ಲಿ ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಆ ವಿದ್ಯಾಲಯದವರು ಅಮೇರಿಕೆಯ ವಿದ್ವಾಂಸರೊಡನೆ ಕೂಡಿ, ೨೦೦೨ರಿಂದ ೨೦೦೫ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ೧,೬೨೦ ತಾಯಂದಿರನ್ನು ಕುರಿತು ಒಂದು ಪರೀಕ್ಷೆಯನ್ನು ನಡೆಯಿಸಿದರು. ಹೆರಿಗೆಯಾದೊಡನೆ ದಾದಿಯು ಬಾಯಿಂದ ನುಂಗಿಸುವ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯು, ಬಾಣಂತಿಯ ರಕ್ತಸ್ರಾವವನ್ನು ತಡೆಯುವುದೇ ಎಂಬುದು ಅದರ ಪ್ರಶ್ನೆ. ನೂರಕ್ಕೆ ೧೨ರಷ್ಟಿದ್ದ ರಕ್ತಸ್ರಾವವು ಮಾತ್ರೆ ನುಂಗಿದವರಲ್ಲಿ ೬.೪ಕ್ಕೆ ಇಳಿಯಿತು, ಅತಿ ತೀವ್ರವಾದುದು ೧.೨ರಿಂದ ೦.೨ಕ್ಕೆ ಇಳಿಯಿತು. ಈ ಫಲವು ೨೦೦೬ರಲ್ಲಿ ಪ್ರಕಟವಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ತನ್ನ ಅತ್ಯವಶ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ವೈದ್ಯರಿಲ್ಲದ ಹಳ್ಳಿಯಲ್ಲಿ, ದೀಪದ ಬೆಳಕಿನಲ್ಲಿ ಹೆತ್ತ ಹೆಣ್ಣುಮಕ್ಕಳು ತಮ್ಮ ಒಪ್ಪಿಗೆಯಿಂದ ಈ ಎಣಿಕೆಯಲ್ಲಿ ಸೇರಿ, ಕಾಣದ ದೇಶಗಳ ಅಕ್ಕತಂಗಿಯರ ಪ್ರಾಣಕ್ಕೆ ಆಸರೆಯಾದರು.

ಎಣಿಕೆಯು ಎಲ್ಲ ಸಲವೂ ಪ್ರಿಯವಾದುದನ್ನೇ ಹೇಳುವುದಿಲ್ಲ. ದಿನತುಂಬದ ಹೆರಿಗೆಯ ಮುನ್ನ ತಾಯಿಗೆ ಸ್ಟೀರಾಯ್ಡ್ ಸೂಜಿಮದ್ದನ್ನು ಚುಚ್ಚಿದರೆ ಕೂಸಿನ ಶ್ವಾಸಕೋಶವು ಬಲಿಯುವುದೆಂದು ನ್ಯೂಜಿಲೆಂಡಿನ ವೈದ್ಯರು ೧೯೭೨ರಲ್ಲಿ ತೋರಿಸಿದ್ದರು. ಅದನ್ನು ಹಳ್ಳಿಹಳ್ಳಿಗೂ ಒಯ್ಯಬೇಕೆಂದು ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲವು ೨೦೧೫ರಲ್ಲಿ ಹೊರಬಂದಾಗ, ದೊಡ್ಡಾಸ್ಪತ್ರೆಯ ಅನುಕೂಲಗಳಿಲ್ಲದೆಡೆಯಲ್ಲಿ ಕೂಸುಗಳ ಮರಣವು ಒಟ್ಟಿನಲ್ಲಿ ಕಡಿಮೆಯಾಗುವುದರ ಬದಲು ಹೆಚ್ಚಿತೆಂದು ಕಂಡಿತು. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಆಮೇಲೆ ಸುಸಜ್ಜಿತವಾದ ಆಸ್ಪತ್ರೆಗಳಲ್ಲಿ, ದಿನಗಳ ಲೆಕ್ಕವನ್ನು ಸರಿಯಾಗಿ ಗುರುತಿಸಿ ಕೊಟ್ಟರೆ ಆ ಔಷಧವು ಬಡದೇಶಗಳಲ್ಲಿಯೂ ಕೂಸುಗಳನ್ನು ಉಳಿಸುವುದೆಂದು ೨೦೨೦ರ ಇನ್ನೊಂದು ಪರೀಕ್ಷೆಯು ತೋರಿಸಿತು. ಔಷಧವು ಒಂದೇ, ಸ್ಥಳವು ಬೇರೆಯಾದರೆ ಫಲವೂ ಬೇರೆ.

ಇನ್ನು ಈ ಒರೆಗಲ್ಲಿಗೆ ಹಚ್ಚಿದಾಗ ಹಳೆಯ ರೂಢಿಗಳೆಲ್ಲವೂ ಸವೆದುಹೋದವೇ? ಹಾಗಲ್ಲ. ಹಳ್ಳಿಯ ಅನೇಕ ಸೂಲಗಿತ್ತಿಯರು ಮಾಸು ಬೀಳುವವರೆಗೂ ಹೊಕ್ಕುಳಬಳ್ಳಿಯನ್ನು ಕೊಯ್ಯದೆ ಕಾಯುತ್ತಿದ್ದರು. ಆಸ್ಪತ್ರೆಗಳು ಅವಸರದಿಂದ ಕೊಯ್ದವು. ಒಂದೆರಡು ನಿಮಿಷವಾದರೂ ತಡೆದು ಕೊಯ್ದರೆ ಕೂಸಿಗೆ ರಕ್ತವೂ ಕಬ್ಬಿಣದ ಅಂಶವೂ ಹೆಚ್ಚಾಗಿ ದೊರೆಯುವುದೆಂದು ಈಗ ಸಿದ್ಧವಾಗಿದೆ. ಹೆರುವವಳ ಬಳಿಯಲ್ಲಿ ನಂಬಿಗೆಯ ಹೆಂಗಸೊಬ್ಬಳು ಬಿಡದೆ ಇರುವುದರಿಂದ ಹೆರಿಗೆಯು ಸುಗಮವಾಗುವುದೆಂದೂ ಸಿದ್ಧವಾಗಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣವನ್ನು ಬಯಸದೆ ೧೫,೦೦೦ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ದಿವಂಗತರಾದರು. ಅಂಥವರ ಕೈಗುಣವೆಂದು ಜನರು ಕರೆದುದರಲ್ಲಿ ತಾಳ್ಮೆಯ ಪಾಲು ದೊಡ್ಡದು. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅವುಚಿಡುವ ಉಪಚಾರವನ್ನು ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಸನಾಬ್ರಿಯ ಎಂಬ ವೈದ್ಯನು ಆರಂಭಿಸಿದನು. ೨೦೨೧ರಲ್ಲಿ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ತೂಕ ಕಡಿಮೆಯಿರುವ ೩,೨೧೧ ಕೂಸುಗಳನ್ನು ಪರೀಕ್ಷಿಸಿದಾಗ, ಹುಟ್ಟಿದೊಡನೆಯೇ ಹೀಗೆ ಇಟ್ಟವುಗಳಲ್ಲಿ ನೂರಕ್ಕೆ ೧೨, ಮೊದಲು ಯಂತ್ರದ ಬಿಸಿಯಲ್ಲಿಟ್ಟವುಗಳಲ್ಲಿ ೧೫.೭ ಮೃತಪಟ್ಟವು.

ಮೊದಲ ಹಾಲಿನ ಲೆಕ್ಕವೂ ಅಷ್ಟೇ ನಿಚ್ಚಳವಾಗಿದೆ. ಆಫ್ರಿಕಾ ಖಂಡದ ಘಾನಾ ದೇಶದಲ್ಲಿ ಸುಮಾರು ೧೧,೦೦೦ ಕೂಸುಗಳನ್ನು ಅನುಸರಿಸಿ ನೋಡಿ ೨೦೦೬ರಲ್ಲಿ ಪ್ರಕಟಿಸಿದಂತೆ, ಮೊದಲ ದಿನ ಕಳೆದ ಮೇಲೆ ಎದೆಹಾಲನ್ನು ಕುಡಿಯತೊಡಗಿದ ಕೂಸುಗಳ ಮರಣಭಯವು, ಮೊದಲ ದಿನವೇ ಕುಡಿದವುಗಳದಕ್ಕಿಂತ ೨.೪ ಪಟ್ಟು ಹೆಚ್ಚಾಗಿದ್ದಿತು. ಚೆಲ್ಲುತ್ತಿದ್ದ ಹಳದಿ ಹಾಲಿನಲ್ಲಿಯೇ ಕೂಸಿಗೆ ರೋಗಗಳಿಂದ ಕವಚವಾಗುವ ಅಂಶಗಳು ತುಂಬಿವೆ.

ಕರ್ನಾಟಕದಲ್ಲಿ ೨೦೦೪-೦೬ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೧೩ ತಾಯಂದಿರು ಮೃತಪಡುತ್ತಿದ್ದರು. ೨೦೧೮-೨೦ರ ಅವಧಿಯಲ್ಲಿ ಅದು ೬೯ಕ್ಕೆ ಇಳಿಯಿತು. ತಾಯಿಮಕ್ಕಳ ಧನುರ್ವಾಯುವು ಭಾರತದಲ್ಲಿ ನಿರ್ಮೂಲದ ಮಟ್ಟಕ್ಕೆ ಇಳಿದುದು ೨೦೧೫ರಲ್ಲಿ ದೃಢಪಟ್ಟಿತು. ಇವು ಸಣ್ಣ ವಿಜಯಗಳಲ್ಲ. ಆದರೆ ೨೦೧೯-೨೧ರ ರಾಷ್ಟ್ರೀಯ ಸಮೀಕ್ಷೆಯಂತೆ, ಭಾರತದಲ್ಲಿ ನೂರಕ್ಕೆ ೮೮.೬ ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದರೂ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲನ್ನು ಕಂಡ ಕೂಸುಗಳು ೪೧.೮ ಮಾತ್ರ. ಅದೇ ಸಮೀಕ್ಷೆಯಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ ೪೭.೪ ಹೊಟ್ಟೆ ಕೊಯ್ದು ಆದವು. ಕೊಯ್ಯಲೇಬೇಕಾದಾಗ ಕೊಯ್ಯುವುದು ಪ್ರಾಣದಾನ. ಅವಶ್ಯವಿಲ್ಲದೆ ಕೊಯ್ಯುವುದು ಹೊಸ ಕಾಲದ ಮೂಢ ರೂಢಿ. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಬಂದಿತು; ರೂಢಿಯೂ ಅದರ ಹಿಂದೆಯೇ ಬಂದು, ಹೊಸ ವೇಷವನ್ನು ತೊಟ್ಟು ಕುಳಿತಿತು.

ಆದುದರಿಂದ ಸದ್ಭಕ್ತರಾದವರು ತಮ್ಮ ಮನೆಯ ಬಾಣಂತಿಕೋಣೆಯ ಬಾಗಿಲಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಮುಟ್ಟುವ ಕೈ ತೊಳೆದಿದೆಯೇ? ಹೊಕ್ಕುಳಿಗೆ ಏನನ್ನೂ ಮೆತ್ತದೆ ಒಣಗಲು ಬಿಟ್ಟಿದೆಯೇ? ಮೊದಲ ಹಾಲು ಕೂಸಿನ ಬಾಯಿಗೆ ಬಿದ್ದಿದೆಯೇ? ಕೂಸು ತಾಯಿಯ ಮೈಗೆ ತಾಗಿ ಬೆಚ್ಚಗಿದೆಯೇ? ತಾಯಿಗೆ ಬೆಳಕು, ಗಾಳಿ, ಹೊಟ್ಟೆತುಂಬ ಊಟ, ಬೇಕಾದಷ್ಟು ನೀರು ದೊರೆತಿವೆಯೇ? ರಕ್ತ ಹೆಚ್ಚಾಗಿ ಹೋದರೆ, ಜ್ವರ ಬಂದರೆ, ತಡಮಾಡದೆ ಕರೆದೊಯ್ಯಲು ಬಂಡಿ ಸಿದ್ಧವಿದೆಯೇ? ಅಜ್ಜಿಯ ಮಾತನ್ನು ಅಲ್ಲಗಳೆಯಬೇಕಾಗಿಲ್ಲ, ಡಾಕ್ಟರರ ಮಾತನ್ನು ಪೂಜಿಸಬೇಕಾಗಿಲ್ಲ. ಎರಡನ್ನೂ ತಾಯಿಮಕ್ಕಳ ಉಸಿರಿನ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಹೆತ್ತವಳಲ್ಲಿ ಸೂತಕವಿಲ್ಲವೆಂದು ನಂಬಿದ ಸಮಾಜಕ್ಕೆ, ಅವಳ ಸುತ್ತಲೂ ಶುಚಿಯನ್ನು ಕಾಯುವ ಹೊಣೆಯು ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇರುವುದು.